ಸೀಸದ ಲೆಕ್ಕ

ಮೊದಲು ಫ್ಯಾನು ಆರಿಸಬೇಕು.
ಹಟ್ಟಿ ಕ್ಯಾಂಪಿನ ಮೇ ತಿಂಗಳಲ್ಲಿ ಫ್ಯಾನು ಆರಿಸುವುದೆಂದರೆ
ಮನೆಯವಳ ಜೊತೆ ಒಂದು ಸಣ್ಣ ಜಗಳ.
ಆಮೇಲೆ ಕಿಟಕಿ. ಆಮೇಲೆ ಉಸಿರು.
ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿಯ ಮುಳ್ಳು
ನಡುಗಿ, ನಡುಗಿ, ನಿಲ್ಲುತ್ತದೆ.

ಗುಜರಿ ಹರಾಜಿನಲ್ಲಿ ಕೊಂಡದ್ದು.
ಅಸ್ಸೇ ಆಫೀಸಿನಲ್ಲಿ ಮೂವತ್ತೊಂದು ವರ್ಷ
ಇದರ ಮುಂದೆಯೇ ಕೂತಿದ್ದೆ.
ಗಣಿಯ ಕಲ್ಲು ಪುಡಿಯಾಗಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಬರುತ್ತಿತ್ತು.
ಸೀಸ ಬೆರೆಸಿ ಕುಲುಮೆಗಿಟ್ಟರೆ
ಅದು ಕರಗಿ, ಕಲ್ಲಿನ ಸಂದಿಗೊಂದಿಯೆಲ್ಲ ಅಲೆದು
ಇದ್ದಷ್ಟು ಬಂಗಾರವನ್ನು ಹುಡುಕಿ ಹಿಡಿದು ತಳಕ್ಕಿಳಿಯುತ್ತಿತ್ತು.
ಅಷ್ಟೆಲ್ಲ ದುಡಿದ ಸೀಸವನ್ನು
ಮೂಳೆಬೂದಿಯ ಬಟ್ಟಲು ಕುಡಿದುಬಿಡುತ್ತಿತ್ತು.
ಉಳಿಯುತ್ತಿದ್ದದ್ದು ಸಾಸಿವೆಗಿಂತ ಸಣ್ಣದೊಂದು ಹಳದಿ ಮಣಿ.
ತೂಗಿದ್ದು ಅದನ್ನು.
ಸೀಸವನ್ನು ಯಾರು ತೂಗುತ್ತಾರೆ?

ಈಗ ತೂಗುತ್ತೇನೆ.
ಶನಿವಾರ ಸಂಜೆ ಹುಲಿಗೆವ್ವ ಡಬ್ಬಿ ತರುತ್ತಾಳೆ,
ಲೋಡರ್ ಡ್ರೈವರ್ ದುರುಗಪ್ಪನ ಮಗಳು, ಹದಿನಾರು,
ಎಡಗಣ್ಣಿಂದ ಗುರಿ ನೋಡುವವಳು.
"ಮಾಮಾ, ನನ್ನ ಕೈ ಅಳ್ಳಾಡಲ್ಲ.
ಗುಂಡೇ ಒಂದೊಂದು ಒಂದೊಂದು ಕಡೀಗೆ ಹೋಗ್ತಾವ."
ಗಾಳಿ ಬಂದೂಕಿನ ಗುಂಡು, ಡಬ್ಬಿಗೆ ಐನೂರು.
ತಲೆ ಚಪ್ಪಟೆ, ನಡ ಸಣ್ಣ, ಕೆಳಗೆ ಗೇಣಿನ ಮಗು ತೊಟ್ಟಂಥ ಲಂಗ.
ಚಿಮಟದಲ್ಲಿ ಎತ್ತಿ ಲಂಗದ ಅಂಚು ನೋಡುತ್ತೇನೆ,
ಲಾರಿಯ ಕುಲುಕಾಟಕ್ಕೆ ಬಗ್ಗಿದ್ದರೆ ಆಚೆ.
ಆಮೇಲೆ ತೂಕ. ಐನೂರ ಮೂವತ್ತು ಮಿಲಿಗ್ರಾಂ ಆದರೆ ಸ್ಟೀಲಿನ ಡಬ್ಬಿ.
ಎರಡು ಕಮ್ಮಿಯಾದರೆ ಜರ್ದಾ ಡಬ್ಬಿ.
ಎರಡು ಜಾಸ್ತಿಯಾದರೆ ಹಳೇ ಮುಲಾಮಿನದು.

ಎರಡು ಮಿಲಿಗ್ರಾಂ ಅಂದರೆ ಎಷ್ಟು?
ಮೊಮ್ಮಗನ ಹುಬ್ಬಿನ ಎರಡು ಮೂರು ಕೂದಲು.
ಹಳೇ ಸ್ಟೋರಿನ ಶೆಡ್ಡಿನಲ್ಲಿ ಹತ್ತು ಮೀಟರ್ ಅಳೆದು
ಹವಾಲ್ದಾರ್ ಮಶಾಕಸಾಬರು ಬಂದೂಕನ್ನು ಬೆಂಚಿಗೆ ಬಿಗಿದರು.
ಆರಿಸದ ಐದು ಗುಂಡಿಗೆ ಹುಣಸೆ ಬೀಜ ತೂರುವಷ್ಟು ಹರಿದ ರಟ್ಟು.
ಆರಿಸಿದ ಐದಕ್ಕೆ ಒಂದೇ ತೂತು,
ಜೋಳದ ಕಾಳು ಒತ್ತಿದರೆ ಹೋಗಬೇಕು.
ಆ ರಟ್ಟನ್ನು ನಾನು
ಪೆನ್ಷನ್ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ.

ರಾಯಚೂರಿನ ಪಂದ್ಯಕ್ಕೆ ಹೋದಳು.
ಒಂದು ಪಾಯಿಂಟಿಗೆ ಎರಡನೆಯವಳಾಗಿ ಬಂದಳು.
ಸಿಹಿ ಹಂಚಿದೆವು.
ಹದಿನೈದು ದಿನ ಬಿಟ್ಟು ಅವಳವ್ವ ಬಾಯಿಬಿಟ್ಟಳು:
ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಜಾರಿ
ಮೂರೂ ಡಬ್ಬಿ ಬಿಚ್ಚಿಕೊಂಡವಂತೆ.
ಶೇಂಗಾ ಮಾರುವ ಮುದುಕಿ, ಕಂಡಕ್ಟರು, ಇಬ್ಬರು ಹುಡುಗರು
ಬಗ್ಗಿ ಬಗ್ಗಿ ಆರಿಸಿ ಕೊಟ್ಟರಂತೆ,
ಎಲ್ಲ ಒಂದೇ ಕರವಸ್ತ್ರಕ್ಕೆ.
"ಮಾಮಾಗ ಹೇಳಬ್ಯಾಡ ಅಂದಾಳ."

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಹೋದ ಆ ಒಂದು ಪಾಯಿಂಟು ಸೀಸದ್ದೋ, ಕೈಯದ್ದೋ,
ಶೇಂಗಾದ ಮುದುಕಿಯದ್ದೋ?
ಹಾಗಾದರೆ ಬಂದ ಉಳಿದವೆಲ್ಲ ಯಾರವು?
ಅಸ್ಸೇ ಆಫೀಸಿನಲ್ಲಾಗಿದ್ದರೆ
ಇನ್ನೊಂದು ಮುಷ್ಟಿ ಕಲ್ಲು ತಂದು
ಮತ್ತೆ ಕುಲುಮೆಗಿಡುತ್ತಿದ್ದೆ.

ಶನಿವಾರ ಬಂತು. ಡಬ್ಬಿ ಬಂತು.
ನನಗೆ ಗೊತ್ತೆಂದು ಅವಳಿಗೆ ಗೊತ್ತಿತ್ತು,
ಅವಳ ಕಣ್ಣು ನೆಲದ ಮೇಲಿತ್ತು.
ಈ ಸಲ ಮನೆಯವಳು ತಾನೇ ಎದ್ದು ಫ್ಯಾನು ಆರಿಸಿದಳು.
ನಾನು ಕಿಟಕಿ ಹಾಕಿದೆ. ಮೊದಲನೇ ಗುಂಡು ಇಟ್ಟೆ.
ಪಕ್ಕದಲ್ಲಿ ಹುಡುಗಿ, ಕೆನ್ನೆ ಉಬ್ಬಿಸಿ,
ಗುರಿ ಹಿಡಿದವಳ ಹಾಗೆ ಅಲ್ಲಾಡದೆ.
ಮುಳ್ಳು ನಡುಗಿ, ನಡುಗಿ, ನಿಂತಿತು.

"ಇನ್ನೂ ನಾನೂರ ತೊಂಬತ್ತೊಂಬತ್ತು ಅದಾವ," ಅಂದೆ,
"ಉಸಿರಾಡು, ತಂಗಿ."